ಗ್ರೂಪ್ ಫೋಟೊದಲ್ಲಿ ಇಲ್ಲದ ಗೆಳತಿಯನ್ನು ವೇದಿಕೆಯಲ್ಲಿ ನೆನೆಯಬಹುದೇ?

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಫೆಬ್ರುವರಿ ಕೊನೆಗೆ ನಮ್ಮ ಬೀಳ್ಕೊಡುಗೆ ಸಮಾರಂಭ. ತರಗತಿಯ ಪರವಾಗಿ ಅನಿಸಿಕೆ ಹೇಳಲು ನನ್ನನ್ನು ಆರಿಸಿದ್ದಾರೆ. ‘ಮೂರು ವರ್ಷದ ಸವಿನೆನಪುಗಳನ್ನು ಹೇಳು, ಎಲ್ಲರಿಗೂ ಖುಷಿಯಾಗಬೇಕು’ ಎಂದು ಸರ್ ಹೇಳಿದ್ದಾರೆ. ಬರೆಯಲು ಕುಳಿತರೆ ನನಗೆ ಒಬ್ಬಳೇ ನೆನಪಾಗುತ್ತಾಳೆ. ಎಂಟನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು, ಗಣಿತದಲ್ಲಿ ನನಗಿಂತ ಜಾಣೆ. ಒಂಬತ್ತನೇ ತರಗತಿಯಲ್ಲಿದ್ದಾಗ ದೀಪಾವಳಿ ಮುಗಿದ ಮೇಲೆ ಅವರ ಮನೆಯವರು ಬೆಂಗಳೂರಿಗೆ ಗುಳೆ ಹೋದರು. ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಅವಳನ್ನೂ ಕರೆದುಕೊಂಡು ಹೋದರು. ‘ಸಂಕ್ರಾಂತಿಗೆ ಬರ್ತೀನಿ’ ಅಂದಿದ್ದಳು, ಬರಲಿಲ್ಲ. ಅವಳ ಹಾಗೆ ಇನ್ನೂ ಕೆಲವರು ನಡುವೆಯೇ ಶಾಲೆ ಬಿಟ್ಟಿದ್ದಾರೆ. ಮೊನ್ನೆ ಗ್ರೂಪ್ ಫೋಟೊ ತೆಗೆಸುವಾಗ ನನಗೆ ಅಳು ಬಂತು. ‘ಖುಷಿಯ ಹೊತ್ತಲ್ಲಿ ಅವಳ ಮಾತು ಯಾಕೆ ತೆಗೀತೀಯ’ ಎಂದು ಗೆಳತಿಯರು ಬೈದರು. ಅವಳು ಹೋಗುವ ಮೊದಲೇ ನಾನು ಸರ್‌ಗೆ ಹೇಳಿದ್ದರೆ ತಡೆಯಬಹುದಿತ್ತೇನೋ ಅನ್ನಿಸುತ್ತದೆ. ಬರೀ ಸವಿನೆನಪು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ, ಅವಳ ಬಗ್ಗೆ ಹೇಳಿದರೆ ಎಲ್ಲರಿಗೂ ಬೇಸರವಾಗುತ್ತದೆ. ನಾನು ಏನು ಮಾಡಲಿ?

– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ಮಗೂ, ನಿನ್ನ ಮನಸ್ಸು ಸರಿಯಾದ ಕಡೆಯೇ ನೋಡುತ್ತಿದೆ. ಮೊದಲು ಆ ಧೈರ್ಯ ತಂದುಕೋ. ಪಕ್ಕದಲ್ಲಿ ಕೂತಿದ್ದವಳು ಇಲ್ಲದಿರುವುದನ್ನು ಗಮನಿಸುವ ಹುಡುಗಿಯನ್ನೇ ತರಗತಿಯ ಪರವಾಗಿ ಮಾತನಾಡಲು ಆರಿಸಿದ್ದಾರೆ. ನಿಮ್ಮ ಸರ್ ಆಯ್ಕೆ ಚೆನ್ನಾಗಿದೆ.

ನಿನ್ನನ್ನು ಹೆಚ್ಚು ಕಾಡುತ್ತಿರುವುದು ‘ನಾನು ಹೇಳಿದ್ದರೆ ತಡೆಯಬಹುದಿತ್ತು’ ಎಂಬ ಮಾತು. ಆದ್ದರಿಂದ ಅದನ್ನೇ ಮೊದಲು ನೋಡೋಣ. ಆಗ ನಿನಗೆ ಹದಿನಾಲ್ಕು ವರ್ಷ. ನಿಮ್ಮ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಊರುಗಳಲ್ಲಿ ಭತ್ತ ಬೆಳೆಯುತ್ತಾರೆ, ನೀರು ಮುಟ್ಟದ ಕಡೆ ಮಳೆಯನ್ನೇ ನಂಬಿ ಜೋಳ, ತೊಗರಿ, ಹತ್ತಿ ಹಾಕುತ್ತಾರೆ. ಮಳೆ ಕೈಕೊಟ್ಟರೆ, ಸಾಲದ ಗಡುವು ಹತ್ತಿರ ಬಂದರೆ, ಹೊಲದ ಕೆಲಸ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಕಟ್ಟಡದ ಕೆಲಸಕ್ಕೆ ಹೊರಡುವುದು ಎಷ್ಟೋ ಕುಟುಂಬಗಳಿಗೆ ಅನಿವಾರ್ಯ. ತಾಯಿ ಗಾರೆ ಕೆಲಸಕ್ಕೆ ಹೋದರೆ ಕೂಸನ್ನು ನೋಡುವವರು ಯಾರು? ಆ ಪ್ರಶ್ನೆಗೆ ಮನೆಯ ಹಿರಿಯ ಮಗಳೇ ಉತ್ತರವಾಗುತ್ತಾಳೆ.

ಇದರಲ್ಲಿ ಕಾನೂನಿನದೂ ಒಂದು ಕೊರತೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ ಅನ್ವಯಿಸುತ್ತದೆ. ನಿಮ್ಮ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಮೊದಲನೆಯದು ಮಾತ್ರ ಅದರ ರಕ್ಷಣೆಯಲ್ಲಿತ್ತು. ನಿನ್ನ ಗೆಳತಿ ಹೋದದ್ದು ಆ ರಕ್ಷಣೆ ಮುಗಿದ ಮರುವರ್ಷ. ಬಡತನ, ಬರ, ಕಾನೂನಿನ ಮಿತಿ ಎಲ್ಲ ಸೇರಿ ನಡೆದದ್ದಕ್ಕೆ ಹದಿನಾಲ್ಕರ ಒಬ್ಬ ಹುಡುಗಿಯ ಮೌನ ಕಾರಣವಾಗುವುದಿಲ್ಲ. ಆ ಭಾರವನ್ನು ಇಳಿಸಿಬಿಡು.

ಇನ್ನು ನಿನ್ನ ಅಳುವಿನ ಮಾತು. ಅವಳು ಹೋಗಿ ವರ್ಷ ದಾಟಿದ ಮೇಲೆ ಈಗ ಯಾಕೆ ಅಳು ಬಂತು ಎಂದು ನಿನಗೇ ಆಶ್ಚರ್ಯವಾಗಿರಬಹುದು. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇಂಥ ದುಃಖದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಒಬ್ಬರು ಬದುಕಿದ್ದೂ ನಮ್ಮ ಜೊತೆ ಇಲ್ಲದಿದ್ದರೆ, ಬರುತ್ತಾರೋ ಇಲ್ಲವೋ ತಿಳಿಯದಿದ್ದರೆ ಆ ಅಗಲಿಕೆಗೆ ಕೊನೆಯೇ ಸಿಗುವುದಿಲ್ಲ. ಅದಕ್ಕೆ ಅಳಲು ಒಂದು ದಿನವಿಲ್ಲ, ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ನಿಮ್ಮೆಲ್ಲರಿಗೆ ಬೀಳ್ಕೊಡುಗೆ ಇದೆ, ಸಿಹಿ ಇದೆ, ಸರ್‌ಗಳ ಆಶೀರ್ವಾದ ಇದೆ. ಅವಳಿಗೆ ಇವು ಯಾವುವೂ ಸಿಗಲಿಲ್ಲ. ಅವಳನ್ನು ಕಳಿಸಿಕೊಡುವ ಅವಕಾಶ ನಿನಗೂ ಸಿಗಲಿಲ್ಲ. ಆ ದಿನ ಆಗದೆ ಉಳಿದದ್ದು ಈಗ ಫೋಟೊದ ಹೊತ್ತಿಗೆ ಎದ್ದುಬಂದಿದೆ. ಇದು ಕಾಯಿಲೆಯೂ ಅಲ್ಲ, ಅಪಶಕುನವೂ ಅಲ್ಲ.

ಹಾಗಾದರೆ ವೇದಿಕೆಯ ಮೇಲೆ ಅವಳನ್ನು ನೆನೆಯಬಹುದೇ? ಖಂಡಿತ ನೆನೆಯಬಹುದು. ಅದಕ್ಕೆ ಒಂದಿಷ್ಟು ಸಿದ್ಧತೆ ಬೇಕು.

ಮೊದಲು ಅವಳಿಗೆ ಫೋನ್ ಮಾಡು. ಅಪ್ಪನ ನಂಬರ್ ಇಲ್ಲದಿದ್ದರೆ ಊರಲ್ಲಿರುವ ಅವರ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳು. ‘ಬೀಳ್ಕೊಡುಗೆಯಲ್ಲಿ ನಿನ್ನ ಬಗ್ಗೆ ಎರಡು ಮಾತು ಹೇಳಲಾ?’ ಎಂದು ನೇರವಾಗಿ ಕೇಳು. ಅವಳು ಬೇಡ ಎಂದರೆ ಹೆಸರು ಹೇಳಬೇಡ. ಒಪ್ಪಿದರೂ ಅವರ ಮನೆಯ ಸಾಲ, ಕಷ್ಟ, ಗುಳೆ ಹೋದ ಕಾರಣ ಇವನ್ನೆಲ್ಲ ಮೈಕಿನ ಮುಂದೆ ಹೇಳಬಾರದು. ಆ ಮಾತು ಊರಿನ ಕಟ್ಟೆಗೆ ಹೋಗುತ್ತದೆ, ಅವಳ ಅಪ್ಪ ಅಮ್ಮನಿಗೆ ನೋವಾಗುತ್ತದೆ. ಕೇಳಿದವರಿಗೆ ಅವಳ ಮೇಲೆ ಕನಿಕರ ಹುಟ್ಟುವುದಕ್ಕಿಂತ ಅವಳ ಗುರುತು ಉಳಿಯುವುದು ಮುಖ್ಯ. ಬೋರ್ಡಿನ ಮೇಲಿನ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದಳು ಎಂದು ಹೇಳು. ಖೊಖೊದಲ್ಲಿ ಚುರುಕಾಗಿದ್ದರೆ ಅದನ್ನು ಹೇಳು. ಬಿಸಿಯೂಟದ ಸಾಲಿನಲ್ಲಿ ನಿಮ್ಮಿಬ್ಬರ ನಡುವೆ ಏನು ಮಾತು ನಡೆಯುತ್ತಿತ್ತು, ಶನಿವಾರದ ಬೆಳಗಿನ ಶಾಲೆಗೆ ಇಬ್ಬರೂ ಹೇಗೆ ಓಡಿ ಬರುತ್ತಿದ್ದಿರಿ, ಪ್ರತಿಭಾ ಕಾರಂಜಿಗೆ ಏನು ಅಭ್ಯಾಸ ಮಾಡಿದ್ದಿರಿ? ಇವೇ ನಿಜವಾದ ಸವಿನೆನಪುಗಳು. ಹೀಗೆ ಹೇಳಿದರೆ ಖುಷಿಗೂ ನಿಜಕ್ಕೂ ಜಗಳವೇ ಇರುವುದಿಲ್ಲ.

ಐದು ನಿಮಿಷದ ಮಾತಿನಲ್ಲಿ ಒಂದು ನಿಮಿಷ ಇದಕ್ಕೆ ಸಾಕು. ಮೊದಲು ಗುರುಗಳಿಗೆ ವಂದನೆ, ಆಮೇಲೆ ತರಗತಿಯ ಎಲ್ಲರಿಗೂ ಸೇರಿದ ನೆನಪುಗಳು, ಅದರ ನಂತರ ಇದು, ಕೊನೆಗೆ ಕಿರಿಯರಿಗೊಂದು ಮಾತು. ‘ಎಂಟನೇ ತರಗತಿಯಲ್ಲಿ ನಮ್ಮ ಜೊತೆ ಇದ್ದು, ಬೇರೆ ಬೇರೆ ಕಾರಣಕ್ಕೆ ಇವತ್ತು ಇಲ್ಲಿ ಕೂತಿಲ್ಲದ ಗೆಳೆಯ ಗೆಳತಿಯರೂ ನಮ್ಮ ತರಗತಿಯವರೇ’ ಎಂದು ಆರಂಭಿಸಬಹುದು. ಬರೆದದ್ದನ್ನು ಸರ್‌ಗೆ ಮೊದಲೇ ತೋರಿಸು. ‘ಎಲ್ಲರಿಗೂ ಖುಷಿಯಾಗಬೇಕು’ ಎಂದಾಗ ಅವರ ಮನಸ್ಸಿನಲ್ಲಿ ಇದು ಇದ್ದಿರಲಾರದು. ಓದಿದರೆ ಅವರು ಬೇಡ ಎನ್ನುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಹೇಳುವಾಗ ಗಂಟಲು ಕಟ್ಟಿದರೆ ನಿಲ್ಲು, ನೀರು ಕುಡಿ, ಮುಂದುವರಿಸು. ಬೀಳ್ಕೊಡುಗೆಯಲ್ಲಿ ಅತ್ತವರನ್ನು ಯಾರೂ ಆಡಿಕೊಳ್ಳುವುದಿಲ್ಲ.

ಬೈದ ಗೆಳತಿಯರ ಮೇಲೆ ಕೋಪ ಮಾಡಿಕೊಳ್ಳಬೇಡ. ಒಬ್ಬರು ಪಿಯುಸಿಗೆ, ಒಬ್ಬರು ಐಟಿಐಗೆ, ಒಬ್ಬರು ಡಿಪ್ಲೊಮಾಗೆ ಎಂದು ಚದುರಿಹೋಗುವ ದಿನ ಹತ್ತಿರವಾಗಿದೆ, ಅವರಿಗೂ ಒಳಗೊಳಗೆ ಭಯವಿದೆ. ಇನ್ನೊಂದು ಅಗಲಿಕೆಯ ಮಾತು ಕೇಳಲು ಅವರಿಗೆ ಈಗ ಶಕ್ತಿ ಇಲ್ಲ, ಅಷ್ಟೇ. ‘ನಿಮಗೂ ಅವಳು ನೆನಪಾಗ್ತಾಳಾ?’ ಎಂದು ಒಬ್ಬೊಬ್ಬರನ್ನೇ ಕೇಳಿ ನೋಡು.

ಭಾಷಣಕ್ಕಿಂತ ದೊಡ್ಡ ಕೆಲಸ ಒಂದಿದೆ. ಅವಳ ಓದು ಮುಗಿದೇಹೋಯಿತು ಎಂದುಕೊಳ್ಳಬೇಡ. ಜೂನ್ ಹೊತ್ತಿಗೆ ಹೊಸ ಶೈಕ್ಷಣಿಕ ವರ್ಷದಲ್ಲಿ ಅವಳು ಮತ್ತೆ ದಾಖಲಾಗಬಹುದು. ಬೆಂಗಳೂರಿನಲ್ಲೂ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಗಳಿವೆ. ಊರಿಗೇ ಬರುವುದಾದರೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳಿವೆ. ತರಗತಿಗೆ ಹೋಗಲು ಸಾಧ್ಯವೇ ಇಲ್ಲ ಎಂದಾದರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ದಾರಿ ಇದೆ. ಅದರ ವಯಸ್ಸಿನ ನಿಯಮ, ಬೇಕಾದ ದಾಖಲೆಗಳ ಬಗ್ಗೆ ನಿಮ್ಮ ಮುಖ್ಯ ಶಿಕ್ಷಕರನ್ನು ವಿಚಾರಿಸು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುವುದರಿಂದ ಒಂದರಲ್ಲಿ ಕೆಲವು ವಿಷಯ ಉಳಿದರೂ ಇಡೀ ವರ್ಷ ಕಾಯಬೇಕಿಲ್ಲ. ಅವಳ ಅಪ್ಪ ಅಮ್ಮ ಕಟ್ಟಡ ಕೆಲಸದಲ್ಲಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಅದಕ್ಕೆ ಅರ್ಹರು, ಅವರ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನವೂ ಇದೆ. ನಿನ್ನ ಪರೀಕ್ಷೆ ಮುಗಿದ ಮೇಲೆ ನೋಟ್ಸ್, ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕದೆ ಅವಳಿಗಾಗಿ ತೆಗೆದಿಡು. ಗ್ರೂಪ್ ಫೋಟೊದ ಒಂದು ಪ್ರತಿಯನ್ನೂ ಕಳಿಸು.

ಇನ್ನೊಂದು ಮಾತು ನೆನಪಿಡು. ಫೋನಿನಲ್ಲಿ ಅವಳು ‘ಮನೆಯಲ್ಲಿ ಮದುವೆ ಮಾತು ನಡೀತಿದೆ’ ಎಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ, ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನಂಬಿಕೆಯ ಟೀಚರ್‌ಗೆ ಹೇಳು, ಇಲ್ಲವೇ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡು. ನಿನಗೇ ರಾತ್ರಿ ನಿದ್ದೆ ಬರದೆ, ಓದಲಾಗದೆ ಮನಸ್ಸು ಭಾರವಾದರೆ ಟೆಲಿ-ಮನಸ್ 14416ಕ್ಕೆ ಕರೆ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಇದನ್ನು ಓದುತ್ತಿರುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಬೀಳ್ಕೊಡುಗೆಗೆ ಮುಂಚೆ ಈ ಮಕ್ಕಳ ಎಂಟನೇ ತರಗತಿಯ ಹಾಜರಿ ಪುಸ್ತಕ ತೆರೆಯಿರಿ. ಅಂದು ಇದ್ದು ಇಂದು ಇಲ್ಲದವರ ಹೆಸರು ಬರೆದುಕೊಂಡು ಆ ಮನೆಗಳಿಗೆ ಒಂದೊಂದು ಫೋನ್ ಮಾಡಿ. ಬರಲು ಆಗುವವರನ್ನು ಸಮಾರಂಭಕ್ಕೆ ಕರೆಯಿರಿ, ಅವರೂ ನಿಮ್ಮ ವಿದ್ಯಾರ್ಥಿಗಳೇ. ಮರಳಿ ಶಾಲೆಗೆ ಸೇರುವ ದಾರಿಯನ್ನು ಅದೇ ದಿನ ಅವರಿಗೆ ಹೇಳಿಕೊಡಿ.