ತಿಮಿಂಗಿಲ, ಶಿಶುಮಾರ ಮತ್ತು ಕ್ಷೇತ್ರಾಭ್ಯಾಸ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ನದಿ ಪರಿಚಿತ, ಕಡಲು ದೂರ. ಹೇಮಾವತಿ, ಲೋಕಪಾವನಿ, ಕಾವೇರಿಗಳ ದಡದಲ್ಲಿ ಬೆಳೆದವರಿಗೆ ತಿಮಿಂಗಿಲವು ಪುಸ್ತಕದೊಳಗಿನ ಚಿತ್ರವಷ್ಟೆ. ಆದರೂ ಆ ಶಬ್ದ ಪ್ರಾಚೀನವಾದುದು. ‘ತಿಮಿ’ ಎಂದರೆ ಹಿರಿಯ ಮೀನು. ಅದನ್ನು ನುಂಗುವುದು ತಿಮಿಂಗಿಲ. ಅಮರಕೋಶದ ವಾರಿವರ್ಗದಲ್ಲಿ ಇದರೊಡನೆ ಶಿಶುಮಾರ, ಉದ್ರ, ಮಕರಗಳ ಹೆಸರೂ ಬಂದಿವೆ. ಶಿಶುಮಾರವೆಂದರೆ ಡಾಲ್ಫಿನ್ ಎಂದು ಅರ್ಥೈಸುವುದುಂಟು, ಉದ್ರವೆಂದರೆ ನೀರುನಾಯಿ.

ನಿಘಂಟು ಹೆಸರನ್ನು ಕೊಡುತ್ತದೆ. ಪ್ರಾಣಿಯ ನಿಜವನ್ನು ಕಣ್ಣೇ ಕಂಡುಕೊಳ್ಳಬೇಕು. ತಿಮಿಂಗಿಲ, ಡಾಲ್ಫಿನ್‌ಗಳು ಮೀನಿನ ಆಕಾರ ಹೊಂದಿದ್ದರೂ ಮರಿಗೆ ಹಾಲೂಡುವ ಸಸ್ತನಿಗಳು. ಮೀನಿನ ಬಾಲ ಅಕ್ಕಪಕ್ಕಕ್ಕೆ ಆಡಿದರೆ ಇವುಗಳ ಬಾಲ ಮೇಲೆ ಕೆಳಗೆ ಆಡುತ್ತದೆ. ಕಿವಿರಿಲ್ಲದ ಕಾರಣ ನೆತ್ತಿಯ ರಂಧ್ರದಿಂದ ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಬಲೆಯಲ್ಲಿ ಸಿಲುಕಿದ ಡಾಲ್ಫಿನ್ ಸಾಯುವುದು ಮೇಲೆ ಬಂದು ಉಸಿರೆಳೆಯಲಾಗದೆ.

ಕರ್ನಾಟಕದಲ್ಲಿ ಈ ಅಭ್ಯಾಸಕ್ಕೆ ತಕ್ಕ ಸ್ಥಳ ಕಾರವಾರ. ಕಾಳಿ ನದಿ ಕಡಲು ಸೇರುವ ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಯೂ ಇದೆ. ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ ಸೀಸದ ಬಣ್ಣದ ಗೂನುಬೆನ್ನಿನ ಡಾಲ್ಫಿನ್ ಸಂಚರಿಸುತ್ತದೆ. ಬೆನ್ನಿನ ರೆಕ್ಕೆಯೇ ಇಲ್ಲದ ಕಡಲಹಂದಿಯೂ ಈ ತೀರದಲ್ಲುಂಟು.

ಕ್ಷೇತ್ರಕ್ಕಿಳಿದ ವಿದ್ಯಾರ್ಥಿಯ ಕೆಲಸ ಸರಳವಾಗಿ ಕಂಡರೂ ಕಠಿನ. ನಿಗದಿಯಾದ ವೇಳೆಯಲ್ಲಿ ನಿಂತು ಕಾಲ, ಸ್ಥಳ, ಅಲೆಯ ಸ್ಥಿತಿ, ಹಿಂಡಿನ ಸಂಖ್ಯೆ, ಮರಿಗಳು, ಸಮೀಪದ ದೋಣಿಗಳು ಇವನ್ನೆಲ್ಲ ಬರೆಯಬೇಕು. ಬೆನ್ನಿನ ರೆಕ್ಕೆಯ ಕಚ್ಚು, ಕಲೆಗಳು ಒಂದೊಂದು ಪ್ರಾಣಿಗೆ ಒಂದೊಂದು ಬಗೆ. ಅವುಗಳ ಛಾಯಾಚಿತ್ರದಿಂದ ಅದೇ ಪ್ರಾಣಿಯನ್ನು ಮತ್ತೊಮ್ಮೆ ಗುರುತಿಸಬಹುದು. ದೋಣಿಯಿಂದ ಹಿಂಡನ್ನು ಅಟ್ಟಬಾರದು. ಮೂರು ತಾಸು ಕಾದರೂ ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕು. ಖಾಲಿ ಪುಟಕ್ಕೆ ನಾಚಿ ಊಹೆಯ ಒಂದು ಅಂಕಿಯನ್ನು ಸೇರಿಸಿದರೆ, ಕ್ಷೀಣಿಸುತ್ತಿರುವ ಸಂತತಿಯೂ ಸುಭಿಕ್ಷವಾಗಿದೆಯೆಂಬ ಭ್ರಮೆ ಹುಟ್ಟುತ್ತದೆ. ರಕ್ಷಣೆಗೆ ಅದೇ ಅಡ್ಡಿಯಾಗುತ್ತದೆ.

ದಡಕ್ಕೆ ಬಿದ್ದ ಜೀವಂತ ಪ್ರಾಣಿಯನ್ನು ಬಾಲ ಹಿಡಿದು ಎಳೆಯಬಾರದು. ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ಉಸಿರಿನ ರಂಧ್ರಕ್ಕೆ ನೀರು ಮರಳು ಹೋಗದಂತೆ ಕಾದು, ಅರಣ್ಯ ಇಲಾಖೆಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವಕ್ಕೆ ರಕ್ಷಣೆ ನೀಡಿದೆ. ಗಂಗೆಯ ಡಾಲ್ಫಿನ್ 2009ರಲ್ಲಿ ರಾಷ್ಟ್ರೀಯ ಜಲಚರವೆನಿಸಿತು.

ಕಾವೇರಿಯಲ್ಲಿ ಡಾಲ್ಫಿನ್ ಇಲ್ಲ. ಆದರೆ ಅಮರಕೋಶದಲ್ಲಿ ಶಿಶುಮಾರದ ಪಕ್ಕದಲ್ಲೇ ಇರುವ ಉದ್ರವುಂಟು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಬಂಡೆಗಳ ನಡುವೆ ನೀರುನಾಯಿಗಳು ಈಜುತ್ತವೆ. ಕಾರವಾರಕ್ಕೆ ಹೋಗಬಯಸುವ ಬಾಲಕನು ಮೊದಲು ಅಲ್ಲಿ, ಒಂದು ಟಿಪ್ಪಣಿ ಪುಸ್ತಕ ಹಿಡಿದು, ಸದ್ದಿಲ್ಲದೆ ಕುಳಿತು ಕಂಡಷ್ಟನ್ನೇ ಬರೆಯುವುದನ್ನು ಕಲಿಯಲಿ. ಹೊಳೆಯ ದಡದಲ್ಲಿ ಸತ್ಯವಾಗಿ ಎಣಿಸಿದವನ ಎಣಿಕೆಯನ್ನು ಕಡಲಿನಲ್ಲಿಯೂ ನಂಬಬಹುದು.