ಜಪಾನಿ ಕಲಿಸಲು ಇಂಗ್ಲಿಷ್ ಯಾಕೆ? ಕನ್ನಡವೇ ಸಾಕು

ನಮ್ಮಲ್ಲಿ ಜಪಾನಿ ಭಾಷೆಯ ತರಗತಿಗಳು ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಪುಸ್ತಕದ ವಿವರಣೆ ಇಂಗ್ಲಿಷ್, ಉಚ್ಚಾರ ಬರೆದುಕೊಳ್ಳುವುದೂ ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಐಟಿಐ, ಡಿಪ್ಲೊಮಾ, ನರ್ಸಿಂಗ್ ವಿದ್ಯಾರ್ಥಿಗಳು ಒಂದು ಭಾಷೆ ಕಲಿಯಲು ಎರಡು ಭಾಷೆಗಳ ಭಾರ ಹೊರಬೇಕಾಗುತ್ತದೆ. ಕೌಶಲವುಳ್ಳ ಕೆಲಸಗಾರರಿಗಾಗಿ ಜಪಾನ್ 2019ರ ಏಪ್ರಿಲ್‌ನಲ್ಲಿ ಹೊಸ ವೀಸಾ ತಂದ ಮೇಲೆ ಇಂಥ ವಿದ್ಯಾರ್ಥಿಗಳಿಗೂ ಆ ದೇಶದ ದಾರಿ ತೆರೆದಿದೆ. ಅದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಅಥವಾ ಜೆಎಫ್‌ಟಿ ಬೇಸಿಕ್ ಪರೀಕ್ಷೆಯ ತೇರ್ಗಡೆ.

ಕನ್ನಡ, ಜಪಾನಿ ಒಂದೇ ಕುಲದ ಭಾಷೆಗಳಲ್ಲ. ಆದರೆ ವಾಕ್ಯ ಕಟ್ಟುವ ಬಗೆಯಲ್ಲಿ ಜಪಾನಿಗೆ ಇಂಗ್ಲಿಷ್ ಬಲು ದೂರ, ಕನ್ನಡ ಬಲು ಹತ್ತಿರ. ಈ ಹತ್ತಿರವನ್ನು ಬಳಸಿಕೊಂಡು ಕಲಿಸುವ ಕ್ರಮ ಇಲ್ಲಿದೆ. ಶಿಕ್ಷಕರಿಗೂ, ಮನೆಯಲ್ಲೇ ಗೆಳೆಯರೊಂದಿಗೆ ಕಲಿಯುವವರಿಗೂ ಇದು ಒದಗುತ್ತದೆ.

ಹಂತ 1: ಕಾಗುಣಿತದಿಂದ ಶುರು ಮಾಡಿ

ಹಿರಗನ ಲಿಪಿಯಲ್ಲಿ 46 ಮೂಲ ಅಕ್ಷರಗಳಿವೆ. ಅವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸಬೇಡಿ, ಕಾಗುಣಿತದಂತೆ ಸಾಲಾಗಿ ಹೇಳಿಸಿ. ಸ್ವರಗಳು ಐದು: ಅ, ಇ, ಉ, ಎ, ಒ. ಮುಂದಿನ ಸಾಲು ಕ, ಕಿ, ಕು, ಕೆ, ಕೊ. ಹೀಗೆಯೇ ಸ, ತ, ನ, ಹ, ಮ, ಯ, ರ, ವ ಸಾಲುಗಳು. ಈ ಕ್ರಮ ನಮ್ಮ ವರ್ಣಮಾಲೆಯನ್ನು ನೆನಪಿಸಿದರೆ ಅಚ್ಚರಿಯಿಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತ ಕಲಿಯಲು ಬಳಸುತ್ತಿದ್ದ ಸಿದ್ಧಂ ಲಿಪಿಯ ಪ್ರಭಾವ ಅದರ ಮೇಲಿದೆ.

ಸಾಲು ತಪ್ಪುವ ಅಕ್ಷರಗಳನ್ನು ಬೇರೆಯಾಗಿ ಹೇಳಿಕೊಡಿ: ಸಿ ಬದಲು ಶಿ, ತಿ ಬದಲು ಚಿ, ತು ಬದಲು ತ್ಸು, ಹು ಬದಲು ಫು. ಫು ಹೇಳುವಾಗ ದೀಪ ಆರಿಸುವಂತೆ ಎರಡೂ ತುಟಿಗಳ ನಡುವೆ ಮೆಲ್ಲಗೆ ಊದಿಸಿ. ಹಲ್ಲು ತುಟಿಗೆ ತಾಗಬಾರದು. ಅಕ್ಷರದ ಮೇಲೆ ಎರಡು ಪುಟ್ಟ ಗೆರೆ ಹಾಕಿದರೆ ಕ ಹೋಗಿ ಗ, ತ ಹೋಗಿ ದ, ಹ ಹೋಗಿ ಬ ಆಗುತ್ತದೆ. ಹ ಅಕ್ಷರ ಬ ಆಗುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಪ್ರಾಚೀನ ಜಪಾನಿಯಲ್ಲಿ ಅದರ ಉಚ್ಚಾರ ಪ ಆಗಿತ್ತು. ಹಳಗನ್ನಡದ ಪಾಲ್ ಇಂದು ಹಾಲು ಆಗಿರುವುದನ್ನು ನೆನಪಿಸಿದರೆ ತಟ್ಟನೆ ಅರ್ಥವಾಗುತ್ತದೆ.

ದಿನಕ್ಕೆ ಒಂದೇ ಸಾಲು ಸಾಕು. ಹಿರಗನ ಕೈಗೆ ಹತ್ತಿದ ಮೇಲೆ ಪರಭಾಷೆಯ ಪದಗಳಿಗೆ ಬಳಸುವ ಕತಕನ ಶುರು ಮಾಡಿ.

ಹಂತ 2: ಬಾಯಿಗಿಂತ ಮೊದಲು ಕಿವಿ

ಮೊದಲ ಎರಡು ವಾರ ವಿದ್ಯಾರ್ಥಿಗಳನ್ನು ಮಾತಾಡಿ ಎಂದು ಒತ್ತಾಯಿಸಬೇಡಿ. ಕೇಳಿ, ಮಾಡಲಿ. ‘ತತ್ತೆ ಕುದಸೈ’ ಎಂದು ನೀವೇ ಎದ್ದು ನಿಲ್ಲಿ, ‘ಸುವತ್ತೆ ಕುದಸೈ’ ಎಂದು ಕೂತುಕೊಳ್ಳಿ. ಪುಸ್ತಕ ತೆರೆಯಿರಿ, ಕಿಟಕಿ ಮುಚ್ಚಿ, ಪೆನ್ನು ಕೊಡಿ, ಇವೆಲ್ಲವೂ ಹೀಗೇ ಬರಲಿ. ಮೈ ಕುಣಿಸಿ ಭಾಷೆ ಕಲಿಸುವ ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್.

ಹ್ರಸ್ವ ದೀರ್ಘ, ಒತ್ತು ಇವು ಜಪಾನಿಯ ಜೀವಾಳ. ‘ಒಬಸನ್’ ಅಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ಇಂಗ್ಲಿಷ್ ಮಾತಾಡುವವರಿಗೆ ಈ ಭೇದ ಹಿಡಿಯುವುದು ಕಷ್ಟ. ಕತೆ, ಕತ್ತೆ ಎರಡನ್ನೂ ಎಳವೆಯಿಂದ ಬೇರೆಬೇರೆಯಾಗಿ ಕೇಳಿದ ನಮಗೆ ಅದು ಸಲೀಸು. ಆದ್ದರಿಂದ ಮೊದಲ ದಿನಗಳಲ್ಲಿ ಉಚ್ಚಾರ ಬರೆದುಕೊಳ್ಳಲು ಕನ್ನಡ ಲಿಪಿಯನ್ನೇ ಬಳಸಲಿ. ಹಿರಗನ ಓದಲು ಬಂದ ಕೂಡಲೇ ಅದನ್ನೂ ಬಿಡಿಸಿ.

ಹಂತ 3: ವಾಕ್ಯವನ್ನು ಕನ್ನಡದ ಪಕ್ಕ ಇಡಿ

ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ, ಮೇಲೆ ಕನ್ನಡ, ಕೆಳಗೆ ಜಪಾನಿ. ‘ಎದ್ದು, ಊಟ ಮಾಡಿ, ಕಂಪನಿಗೆ ಹೋಗುತ್ತೇನೆ’ ಎಂಬುದು ‘ಒಕಿತೆ, ಗೊಹನ್ ಒ ತಬೆತೆ, ಕೈಶ ಎ ಇಕಿಮಸ್’ ಆಗುತ್ತದೆ. ಆಜ್ಞೆಗಳಲ್ಲಿ ಎರಡು ವಾರ ಕೇಳಿದ ‘ತೆ’ ರೂಪ ಇಲ್ಲಿ ಎದ್ದು, ಮಾಡಿ ಎಂಬ ಕೃದಂತಗಳ ಕೆಲಸ ಮಾಡುವುದನ್ನು ವಿದ್ಯಾರ್ಥಿಗಳೇ ಗುರುತಿಸಲಿ.

ಇಂಥ ಜೋಡಿಗಳು ಬೇಕಾದಷ್ಟಿವೆ:

- ತಿಂದು ನೋಡು: ತಬೆತೆ ಮಿತೆ
- ನಿನ್ನೆ ಕೊಂಡ ಪುಸ್ತಕ: ಕಿನೋ ಕತ್ತ ಹೊನ್
- ನಾಳೆ ಬರ್ತೀನಿ ಅಂತ ಹೇಳಿದರು: ಅಶಿತ ಕುರು ತೊ ಈಮಶಿತ
- ಒಬ್ಬರು, ಇಬ್ಬರು: ಹಿತೊರಿ, ಫುತರಿ

ವಿಭಕ್ತಿ ಪ್ರತ್ಯಯಗಳೂ ನಮ್ಮಂತೆ ನಾಮಪದದ ನಂತರವೇ ಬರುತ್ತವೆ: ‘ಒ’ ಅಂದರೆ ಅನ್ನು, ‘ಕರ’ ಅಂದರೆ ಇಂದ, ‘ಮದೆ’ ಅಂದರೆ ವರೆಗೆ. ಕ್ರಿಯಾಪದ ಕೊನೆಗೆ. ಅದಕ್ಕೆ ಲಿಂಗ, ವಚನದ ಹಂಗಿಲ್ಲ. ಅವನು, ಅವಳು, ಅವರು ಯಾರೇ ಆಗಲಿ ‘ಇಕಿಮಸ್’ ಒಂದೇ. ಇದೆಲ್ಲವನ್ನೂ ಇಂಗ್ಲಿಷ್ ಮೂಲಕ ಹೇಳಿದರೆ ವಾಕ್ಯವನ್ನು ಎರಡು ಸಲ ತಿರುವಬೇಕು. ಕನ್ನಡದಲ್ಲಿ ಹೇಳಿದರೆ ಒಂದು ಸಲವೂ ತಿರುವಬೇಕಿಲ್ಲ.

ಹಂತ 4: ನಿಯಮ ಒಪ್ಪಿಸಬೇಡಿ, ಕೆಲಸ ಕೊಡಿ

ಕೆಲಸದ ಮೂಲಕ ಭಾಷೆ ಕಲಿಸುವ ಪದ್ಧತಿ ಇಂದು ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ಅದರ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ದಕ್ಷಿಣ ಭಾರತದ ಶಾಲೆಗಳಲ್ಲೇ, 1979ರಿಂದ 1984ರವರೆಗೆ. ಇಂಗ್ಲಿಷ್ ಬೋಧನೆಗಾಗಿ ಎನ್.ಎಸ್. ಪ್ರಭು ಮುನ್ನಡೆಸಿದ ಈ ಪ್ರಯೋಗಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರೇ ಬಿದ್ದಿದೆ. ವಿದ್ಯಾರ್ಥಿಯ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಅವರ ನಿಲುವು. ನಕ್ಷೆ, ರೈಲು ವೇಳಾಪಟ್ಟಿಗಳೇ ಅಲ್ಲಿ ಪಾಠದ ಸಾಮಗ್ರಿ.

ಜಪಾನಿಗೂ ಇದನ್ನೇ ಬಳಸಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಗಳ ಪಟ್ಟಿ ಮಾಡಿ, ಅರ್ಧ ವಿವರ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ ಕೊಡಿ. ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಲು ‘ನನ್‌ಜಿ ನಿ ದೆಮಸ್ ಕ’ ಎಂಬ ಒಂದು ವಾಕ್ಯ ಸಾಕು. ಪ್ರಭು ಅವರ ಕ್ರಮದಂತೆ ಮೊದಲು ಅಂಥದ್ದೇ ಒಂದು ಕೆಲಸವನ್ನು ಇಡೀ ತರಗತಿಯೊಂದಿಗೆ ನೀವೇ ಮಾಡಿ ತೋರಿಸಿ, ನಂತರ ಅವರಿಗೆ ಬಿಡಿ. ನಡುವೆ ತಪ್ಪಾದರೆ ತಡೆಯಬೇಡಿ. ಸರಿಯಾದ ವಾಕ್ಯವನ್ನು ನಿಮ್ಮ ಉತ್ತರದಲ್ಲಿ ಸಹಜವಾಗಿ ಹೇಳಿ ಮುಂದುವರಿಯಿರಿ.

ಹಂತ 5: ಕಂಜಿಗೆ ಅವಸರ ಬೇಡ, ಬಿಡುವೂ ಬೇಡ

ದೈನಂದಿನ ಬಳಕೆಗೆಂದು ಜಪಾನ್ ಸರ್ಕಾರ ಗುರುತಿಸಿರುವ ಕಂಜಿಗಳು, ಅಂದರೆ ಚೀನಾ ಮೂಲದ ಅಕ್ಷರಗಳು, 2,136. ಈ ಸಂಖ್ಯೆ ಕೇಳಿ ಎದೆಗುಂದಬೇಕಿಲ್ಲ, ಭಾಷಾ ಪರೀಕ್ಷೆಯ ಮೊದಲ ಮಟ್ಟವಾದ ಎನ್5ಗೆ ಸುಮಾರು ನೂರು ಗೊತ್ತಿದ್ದರೆ ನಡೆಯುತ್ತದೆ. ಭಾಗಗಳಾಗಿ ಬಿಡಿಸಿ ಕಲಿಸಿ. ಒಂದು ಮರದ ಚಿಹ್ನೆ ಮರ, ಎರಡು ಮರ ತೋಪು, ಮೂರು ಮರ ಕಾಡು. ಮನುಷ್ಯನ ಪಕ್ಕ ಮರವಿದ್ದರೆ ವಿಶ್ರಾಂತಿ.

ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವಿನ ವೇಗವನ್ನು ಅಳೆದು ಪ್ರಕಟಿಸಿದ್ದರು. ಕಲಿತ ಮೊದಲ ದಿನವೇ ಮರೆವು ಅತಿ ಹೆಚ್ಚು. ಹಾಗಾಗಿ ಇಂದು ಕಲಿಸಿದ್ದನ್ನು ನಾಳೆ, ಮೂರನೆಯ ದಿನ, ಒಂದು ವಾರಕ್ಕೆ, ಮೂರು ವಾರಕ್ಕೆ ಮತ್ತೆ ಕೇಳಿ. ಪುಸ್ತಕ ನೋಡಿ ಓದಿಸುವುದಲ್ಲ, ಮುಚ್ಚಿಟ್ಟು ಬರೆಸುವುದು. ನೆನಪಿನಿಂದ ಹೊರತೆಗೆದಷ್ಟೂ ಕಲಿಕೆ ಗಟ್ಟಿಯಾಗುತ್ತದೆ.

ಹಂತ 6: ಕನ್ನಡ ದಾರಿ ತಪ್ಪಿಸುವ ಕಡೆ ಎಚ್ಚರಿಸಿ

- ನಮ್ಮ ‘ಅಲ್ಲಿ’ ಪ್ರತ್ಯಯಕ್ಕೆ ಜಪಾನಿಯಲ್ಲಿ ಎರಡು ರೂಪ. ಮನೆಯಲ್ಲಿ ಇದ್ದೇನೆ ಎನ್ನಲು ‘ನಿ’, ಮನೆಯಲ್ಲಿ ಓದುತ್ತೇನೆ ಎನ್ನಲು ‘ದೆ’.
- ‘ವ’ ಮತ್ತು ‘ಗ’ ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸಕ್ಕೆ ಕನ್ನಡದಲ್ಲಿ ನೇರ ಸಾಟಿಯಿಲ್ಲ. ಸೂತ್ರ ಹೇಳುವುದಕ್ಕಿಂತ ಚಿಕ್ಕ ಸಂಭಾಷಣೆಗಳಲ್ಲಿ ಮತ್ತೆಮತ್ತೆ ಕೇಳಿಸಿ.
- ಹೋಟೆಲ್‌ನಂಥ ಇಂಗ್ಲಿಷ್ ಪದಗಳಲ್ಲಿ ನಾವು ನಾಲಿಗೆ ಮಡಚಿ ಟ, ಡ ಎನ್ನುತ್ತೇವೆ. ಜಪಾನಿಯಲ್ಲಿ ಅದು ‘ಹೊತೆರು’, ನಾಲಿಗೆ ಮಡಚುವಂತಿಲ್ಲ.
- ಕೊಡುವುದಕ್ಕೆ, ಪಡೆಯುವುದಕ್ಕೆ ಬಳಸುವ ಕ್ರಿಯಾಪದ ಕೊಡುವವರು ಯಾರು, ಪಡೆಯುವವರು ಯಾರು ಎಂಬುದರ ಮೇಲೆ ಬದಲಾಗುತ್ತದೆ. ನಮ್ಮ ನೀನು, ನೀವು ಎಂಬ ಗೌರವಭೇದ ತಿಳಿದಿದ್ದರಷ್ಟೇ ಇದಕ್ಕೆ ಸಾಲದು, ಅಭಿನಯದ ಮೂಲಕ ಪ್ರತ್ಯೇಕವಾಗಿ ಕಲಿಸಬೇಕು.

ಹಂತ 7: ಪರೀಕ್ಷೆಯ ಆಚೆಗೂ ತಯಾರು ಮಾಡಿ

ಜಪಾನಿ ಭಾಷಾ ಪರೀಕ್ಷೆ ಜುಲೈ, ಡಿಸೆಂಬರ್‌ಗಳಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಎನ್5 ಅತಿ ಸುಲಭದ್ದು, ಎನ್1 ಅತಿ ಕಠಿಣ. ಎನ್5ರಲ್ಲಿ 180ಕ್ಕೆ 80, ಎನ್4ರಲ್ಲಿ 90 ಅಂಕ ಬೇಕು. ಆಲಿಸುವ ಭಾಗದಲ್ಲಿ ಪ್ರತ್ಯೇಕವಾಗಿ ಕನಿಷ್ಠ 19 ಬಾರದಿದ್ದರೆ ಒಟ್ಟು ಎಷ್ಟೇ ಇದ್ದರೂ ತೇರ್ಗಡೆಯಿಲ್ಲ. ಈ ಪರೀಕ್ಷೆಯಲ್ಲಿ ಮಾತಾಡುವ ವಿಭಾಗವೇ ಇಲ್ಲ. ಆದರೆ ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ ಮೊದಲು ಬೇಕಾಗುವುದು ಮಾತೇ. ಆದ್ದರಿಂದ ಪ್ರತಿ ತರಗತಿಯ ಮೂರನೇ ಒಂದು ಪಾಲನ್ನು ಜೋಡಿ ಸಂಭಾಷಣೆಗೆ ಮೀಸಲಿಡಿ. ಮೂರನೆಯ ತಿಂಗಳಿಂದ ವಿವರಣೆಗೆ ಮಾತ್ರ ಕನ್ನಡ ಇರಲಿ, ಉಳಿದ ವ್ಯವಹಾರವೆಲ್ಲ ಜಪಾನಿಯಲ್ಲೇ ನಡೆಯಲಿ.

ಇಂಗ್ಲಿಷ್ ಚೆನ್ನಾಗಿ ಬಂದ ಮೇಲೆಯೇ ಬೇರೆ ವಿದೇಶಿ ಭಾಷೆ ಎಂಬ ನಂಬಿಕೆ ನಮ್ಮ ಎಷ್ಟೋ ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿದೆ. ಜಪಾನಿಯ ಮಟ್ಟಿಗಂತೂ ಆ ನಂಬಿಕೆಗೆ ಆಧಾರವಿಲ್ಲ. ಕಲಿಸುವವರು ಮಾಡಬೇಕಾದದ್ದು ಇಷ್ಟೇ: ಮುಂದಿನ ಪಾಠದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಳ್ಳಿ, ಪ್ರತಿ ಜಪಾನಿ ವಾಕ್ಯದ ಪಕ್ಕದಲ್ಲಿ ಅದಕ್ಕೆ ಹೊಂದುವ ಆಡುಮಾತಿನ ಕನ್ನಡ ವಾಕ್ಯವನ್ನು ಇಡಿ. ಎನ್5 ಮುಗಿಸುವ ಹೊತ್ತಿಗೆ ಕನ್ನಡದಲ್ಲೇ ಬರೆದ ಒಂದು ಪಠ್ಯ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಇತರ ಶಿಕ್ಷಕರೊಂದಿಗೆ ಹಂಚಿಕೊಳ್ಳಿ, ಮುಂದಿನ ವಿದ್ಯಾರ್ಥಿಗಳಿಗೆ ದಾರಿ ಅಷ್ಟು ಹತ್ತಿರವಾಗುತ್ತದೆ.