ನೌರು: ರಾಜಧಾನಿಯಿಲ್ಲದ ದ್ವೀಪರಾಷ್ಟ್ರ

ಪೆಸಿಫಿಕ್‌ನ ಮೈಕ್ರೊನೇಷಿಯಾ ವಲಯದಲ್ಲಿ, ಸಮಭಾಜಕ ವೃತ್ತದ ತುಸು ದಕ್ಷಿಣಕ್ಕಿರುವ ನೌರುವಿನ ವಿಸ್ತೀರ್ಣ 21 ಚ.ಕಿ.ಮೀ. ವ್ಯಾಟಿಕನ್, ಮೊನಾಕೊ ಬಿಟ್ಟರೆ ಇದೇ ಅತಿ ಚಿಕ್ಕ ದೇಶ. ದ್ವೀಪರಾಷ್ಟ್ರಗಳಲ್ಲಂತೂ ಇದಕ್ಕಿಂತ ಚಿಕ್ಕದಿಲ್ಲ. ಜನಸಂಖ್ಯೆ ಸುಮಾರು 12,000. ಅಧಿಕೃತ ರಾಜಧಾನಿ ಇಲ್ಲ. ಸಂಸತ್ತು ಇರುವುದು ಯಾರೆನ್ ಜಿಲ್ಲೆಯಲ್ಲಿ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಯಾರೆನ್ ಅನ್ನೇ ಅಧಿಕೃತ ರಾಜಧಾನಿ ಎಂದುಕೊಂಡು.

ಚೆನ್ನಾಗಿ ಓದಿಕೊಳ್ಳಬೇಕಾದದ್ದು ಫಾಸ್ಫೇಟ್ ಕಥೆ. ಗೊಬ್ಬರಕ್ಕಾಗಿ 20ನೇ ಶತಮಾನದ ಆರಂಭದಿಂದ ನಡೆದ ಗಣಿಗಾರಿಕೆ ದ್ವೀಪದ ನಡುವಿನ ಪ್ರಸ್ಥಭೂಮಿಯನ್ನು ಬರಡು ಮಾಡಿತು. ಫಾಸ್ಫೇಟ್ ಅಗೆದ ಜಾಗದಲ್ಲಿ ಉಳಿದದ್ದು ಮೊನಚಾದ ಸುಣ್ಣಕಲ್ಲಿನ ಕಂಬಗಳು. ಬೇಸಾಯಕ್ಕೆ ಆ ನೆಲ ಒದಗದು. ಹಾಗಾಗಿ ಜನವಸತಿ ಬಹುಪಾಲು ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮತ್ತು ಒಳನಾಡಿನ ಬುವಾಡಾ ಸರೋವರದ ಸುತ್ತ. ನದಿಗಳಿಲ್ಲ, ಮಳೆನೀರು ಮತ್ತು ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕಗಳೇ ಆಸರೆ. ಸ್ವಾತಂತ್ರ್ಯ: 1968, ಜನವರಿ 31. ನಾಣ್ಯ: ಆಸ್ಟ್ರೇಲಿಯಾದ ಡಾಲರ್.